ಏರಿನಲ್ಲಿ ನಿಲ್ಲಿಸದ ಗಾಡಿ

ಏಪ್ರಿಲ್ 4, ಶುಕ್ರವಾರ

ಈ ಮನೆಯಲ್ಲಿ ರೇಗುವುದಕ್ಕೆ ಯಾರೂ ಉಳಿದಿಲ್ಲ. ಅತ್ತೆಯ ಮೇಲೆ ರೇಗುವಂತಿಲ್ಲ, ಅವರ ಗಂಟಲಲ್ಲಿ ಕ್ಯಾನ್ಸರ್ ಗಡ್ಡೆ. ಮಾವನ ಮೇಲೆ ರೇಗುವಂತಿಲ್ಲ, ಅವರು ಮಾವ. ಗಂಡನ ಮೇಲೆ ರೇಗಬಹುದು, ಆದರೆ ಸಿಗಬೇಕಲ್ಲ! ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ದೊಪ್ಪನೆ ಬಿದ್ದುಕೊಳ್ಳುವ ಮನುಷ್ಯನ ಮೇಲೆ ಕೂಗಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ. ಓದಿದರೆ ಓದಿದವರಿಗೇ ಕಷ್ಟ.

ಅತ್ತೆಗೆ ರೇಡಿಯೇಷನ್ ಶುರುವಾಗಿ ಇದು ಎರಡನೇ ವಾರ. ಶನಿವಾರ, ಭಾನುವಾರ ಬಿಟ್ಟು ದಿನವೂ ಹೋಗಬೇಕು, ಮೇ ತಿಂಗಳ ನಡುವಿನವರೆಗೆ. ಆಸ್ಪತ್ರೆ ಇರುವುದು ಗುಡ್ಡದ ಆಚೆಯ ದೊಡ್ಡ ಊರಿನಲ್ಲಿ. ಡಾಕ್ಟರಮ್ಮ ಮೊದಲ ದಿನವೇ ಬೆರಳೆತ್ತಿ ಹೇಳಿದ್ದಾರೆ: "ಒಂದು ದಿನಾನೂ ತಪ್ಪಿಸ್ಬೇಡಿ. ನೀವು ರಜಾ ತಗೊಂಡ್ರೂ ಗಡ್ಡೆ ರಜಾ ತಗೊಳ್ಳಲ್ಲ, ಅದು ಬೆಳೀತಾನೇ ಇರುತ್ತೆ." ಆ ಮಾತು ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ.

ಗಾಡಿ ಓಡಿಸುವುದು ಮಾವ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಎಡ ಮಂಡಿ ಕೈಕೊಟ್ಟು ಕ್ಲಚ್ ತುಳಿಯಲು ಆಗದೆ ಹೋದಾಗ, ಕ್ಲಚ್ಚೇ ಇಲ್ಲದ, ತಾನೇ ಗೇರು ಬದಲಿಸಿಕೊಳ್ಳುವ ಈ ಹಳೆಯ ಕಾರು ಕೊಂಡರು. ನಾನು ಹಿಂದೆ ಕೂರುತ್ತೇನೆ, ಅತ್ತೆಯ ತಲೆ ನನ್ನ ತೊಡೆಯ ಮೇಲೆ. ಮೊದಲು ನನ್ನ ಹೊಲಿಗೆಯಲ್ಲಿ, ಅಡುಗೆಯಲ್ಲಿ, ನಡಿಗೆಯಲ್ಲಿ ಎಲ್ಲದರಲ್ಲೂ ಒಂದು ಕೊಂಕು ತೆಗೆಯುತ್ತಿದ್ದ ಬಾಯಿ ಅದು. ಈಗ ಮಾತಾಡಿದರೆ ನೋವು, ಅದಕ್ಕೆ ಚಪ್ಪಾಳೆ. ಒಂದು ತಟ್ಟಿದರೆ ಹೌದು, ಎರಡು ತಟ್ಟಿದರೆ ಬೇಡ.

ಅಲ್ಲಿ ಅವರ ಮುಖದ ಮೇಲೆ ಗಟ್ಟಿ ಬಲೆಯಂಥದ್ದನ್ನು ಇಟ್ಟು ಮೇಜಿಗೆ ಬಿಗಿಯುತ್ತಾರೆ, ಅಲುಗಾಡಬಾರದು ಅಂತ. ಆಮೇಲೆ ನಾವೆಲ್ಲ ಹೊರಗೆ, ದಪ್ಪ ಬಾಗಿಲು ಮುಚ್ಚುತ್ತದೆ. ಹೊರಬಂದಾಗ ಕೆನ್ನೆ, ಹಣೆಯ ಮೇಲೆಲ್ಲ ಬಲೆಯ ಗುರುತು. ಮಾವ ಇದೊಂದನ್ನೂ ನೋಡಿಲ್ಲ. ಆಸ್ಪತ್ರೆಯ ಒಳಗೆ ಒಂದು ಹೆಜ್ಜೆ ಇಟ್ಟಿಲ್ಲ ಆ ಪುಣ್ಯಾತ್ಮ. ನಾವು ಇಳಿದ ತಕ್ಷಣ ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿಬಿಡುತ್ತಾರೆ. ಹೆಂಡತಿಗಿಂತ ಗಾಡಿ ಹೆಚ್ಚಾಯಿತು.

ಏಪ್ರಿಲ್ 9, ಬುಧವಾರ

ಕಾರಿನಲ್ಲಿ ಎರಡು ದಿನದಿಂದ ಸಿಹಿ ಸಿಹಿ ವಾಸನೆ. ಬೆಲ್ಲ ಸೀದ ಹಾಗೆ. ಮಾವನಿಗೆ ಹೇಳಿದೆ.

"ಆಸ್ಪತ್ರೆ ವಾಸ್ನೆ ಕಣಮ್ಮ ಅದು. ನಿಮ್ಮ ಬಟ್ಟೆಗೇ ಅಂಟ್ಕೊಂಡಿದೆ."

"ಗಾಡಿ ಕೆಳಗೆ ನೀರೂ ಬಿದ್ದಿದೆ ಮಾವ."

"ಏಸಿ ನೀರು. ಬೇಸಿಗೇಲಿ ಬೀಳುತ್ತೆ."

ಹೇಳಿದ್ದು ಮುಗಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆ ನೀರಿಗೆ ಬೆರಳು ತಾಗಿಸಿ ನೋಡಿದೆ, ಜಿಗುಟು. ಏಸಿ ನೀರು ಎಲ್ಲಾದರೂ ಜಿಗುಟಾಗುತ್ತದೆಯೇ? ಬರೆದಿಡುತ್ತೇನೆ, ನಾಳೆ ನಾನು ಹೇಳಿರಲಿಲ್ಲ ಅನ್ನಬಾರದು.

ಏಪ್ರಿಲ್ 10, ಗುರುವಾರ

ಇವತ್ತು ಏರು ಹತ್ತುವಾಗ ಮಾವ ಏಸಿ ಆರಿಸಿ ಹೀಟರ್ ಹಾಕಿದರು. ಹೀಟರ್! ಹೊರಗೆ ಡಾಂಬರು ಕರಗುತ್ತಿದೆ, ಒಳಗೆ ಗಂಟಲು ಸುಟ್ಟುಕೊಂಡು ಮಲಗಿದ ಹೆಂಗಸು.

"ಮಾವ, ಬಿಸಿ ಗಾಳಿ ಬರ್ತಿದೆ!"

"ಬರ್ಲಿ. ಎಂಜಿನ್ ಬಿಸೀನ ಈ ಕಡೆ ಎಳ್ಕೊಂಡ್ರೆ ಅದಕ್ಕೆ ಸ್ವಲ್ಪ ಉಸಿರು ಬರುತ್ತೆ. ಡ್ರೈವರ್ ಬುದ್ಧಿ ಇದು, ಪುಸ್ತಕದಲ್ಲಿ ಸಿಗಲ್ಲ."

"ಅತ್ತೆ ಉಸಿರು ಏನು ಮಾಡೋದು?"

ಅವರು ಕಿಟಕಿ ಇಳಿಸಿದರು. ಅತ್ತೆ ನನ್ನ ಕೈ ಚಿವುಟಿದರು, ಬಾಯಿ ಮುಚ್ಚಿಕೋ ಅಂತ. ಈ ಸ್ಥಿತಿಯಲ್ಲೂ ಗಂಡನ ಪರ!

ನಾನು ಹಿಂದಿನಿಂದ ಇಣುಕಿ ನೋಡಿದೆ. ಬಿಸಿ ತೋರಿಸುವ ಮುಳ್ಳು ನಡುಗೆರೆ ದಾಟಿತ್ತು. ಮಾವ ಅದರ ಕಡೆ ಕಣ್ಣೂ ಹಾಯಿಸಲಿಲ್ಲ. ಕೇಳಿದ್ದಕ್ಕೆ ಅಂದರು, "ನನ್ನ ಬಸ್ಸಲ್ಲಿ ಆ ಮುಳ್ಳು ಯಾವತ್ತು ಅಲ್ಲಾಡಿತ್ತು? ಕಿವೀಲಿ ಓಡಿಸ್ತಿದ್ದೆ ನಾನು."

ಏಪ್ರಿಲ್ 12, ಶನಿವಾರ

ಮೆಕ್ಯಾನಿಕ್ಕನ್ನು ಮನೆಗೇ ಕರೆಸಿದೆ. ಅವನನ್ನು ಊರೆಲ್ಲ 'ನಾಳೆ' ಅನ್ನುತ್ತದೆ. ಏನು ಕೇಳಿದರೂ ನಾಳೆ ಕೊಡ್ತೀನಿ ಅನ್ನುವವನು. ನಿಜವಾದ ಹೆಸರು ಅವನ ಹೆಂಡತಿಗೂ ಮರೆತಿರಬೇಕು.

ನಾಳೆ ಗಾಡಿಯ ಕೆಳಗೆ ನುಸುಳಿ ಎದ್ದು ಬಂದ. "ರೇಡಿಯೇಟರ್ ಸೋರ್ತಿದೆ. ಬದಲಾಯಿಸ್ಬೇಕು. ಮಾಲು ತರಿಸ್ಬೇಕು, ನಾಳೆ..."

"ನಾಳೆ ಅಂದ್ರೆ ಯಾವ ನಾಳೆ?" ಅಂದೆ.

"ನಾಲ್ಕೈದು ದಿನ ಹಿಡಿಯುತ್ತೆ ಅಕ್ಕಾ. ಅಲ್ಲಿವರೆಗೆ ಈ ಗಾಡಿ ಏರು ಹತ್ತಬಾರ್ದು. ಕ್ಲಚ್ ಇಲ್ಲದ ಗಾಡಿ ಇದು. ಗೇರಿನ ಎಣ್ಣೆ ತಣ್ಣಗಾಗೋದೂ ಇದೇ ರೇಡಿಯೇಟರಿನ ಹೊಟ್ಟೇಲಿ. ನೀರು ಕುದ್ರೆ ಎಂಜಿನ್ನೂ ಹೋಗುತ್ತೆ, ಗೇರ್ ಬಾಕ್ಸೂ ಹೋಗುತ್ತೆ. ಬಾಯಲ್ಲಿ ಬಿಸಿ ತುಪ್ಪ ಇಟ್ಕೊಂಡ ಹಾಗೆ. ನುಂಗೋಕೂ ಆಗಲ್ಲ, ಉಗುಳೋಕೂ..."

ಅಷ್ಟರಲ್ಲಿ ಜಗಲಿಯ ಮೇಲೆ ಕೂತ ಅತ್ತೆಯನ್ನು ನೋಡಿ ನಾಲಗೆ ಕಚ್ಚಿಕೊಂಡ. ಅತ್ತೆ ನಕ್ಕರು. ನಕ್ಕು ನಕ್ಕು ಕೆಮ್ಮು ಬಂದು ಬೇಸಿನ್ ಹಿಡಿಯಬೇಕಾಯಿತು. ಈ ತಿಂಗಳಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಮಾವ ನಗಲಿಲ್ಲ. "ಬಾಡಿಗೆ ಗಾಡೀಲಿ ಹೋಗ್ಬೇಕಾ? ನಾನಿರೋವಾಗ?" ಅಂದರು. ನಾನು ಪಕ್ಕದಲ್ಲಿದ್ದ ಗಂಡನ ಕಡೆ ನೋಡಿದೆ. ಇವರು ಆಕಾಶದ ಕಡೆ ನೋಡಿದರು. ಆಮೇಲೆ ಒಳಗೆ ಬಂದು ನನಗೆ, "ಅಪ್ಪನ ಹತ್ರ ನೀನೇ ಮಾತಾಡು, ನಿನ್ನ ಮಾತು ಕೇಳ್ತಾರೆ." ಆಹಾ! ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಇವರಿಂದ ಕಲಿಯಬೇಕು.

ಏಪ್ರಿಲ್ 13, ಭಾನುವಾರ

ಕರಿಮೆಣಸಿನ ಪುಡಿಯ ಡಬ್ಬಿ ಕಾಣೆಯಾಗಿದೆ ಅಂತ ಅಡುಗೆಮನೆಯೆಲ್ಲ ಹುಡುಕಿದೆ. ಕೊನೆಗೆ ನೋಡಿದರೆ ಅಂಗಳದಲ್ಲಿ ಮಾವ ಅದನ್ನು ರೇಡಿಯೇಟರಿಗೆ ಸುರಿಯುತ್ತಿದ್ದಾರೆ!

"ಉಬ್ಬಿ ತೂತು ಮುಚ್ಕೊಳ್ಳುತ್ತೆ. ಎಷ್ಟು ಬಸ್ಸು ಹೀಗೆ ಊರು ಮುಟ್ಟಿಸಿದೀನಿ ಗೊತ್ತಾ?"

"ಪೂರ್ತಿ ಡಬ್ಬೀನಾ ಮಾವ?"

"ಮನೇಲಿ ಈಗ ಖಾರ ತಿನ್ನೋರು ಯಾರಿದಾರೆ?"

ಅದೂ ನಿಜವೇ. ಅತ್ತೆಯ ಗಂಟಲಲ್ಲಿ ತಣ್ಣನೆಯ ಗಂಜಿಯೂ ಇಳಿಯುತ್ತಿಲ್ಲ, ನಮಗೂ ಅವರ ಎದುರು ಖಾರ ಬೇಡವಾಗಿದೆ.

ಏಪ್ರಿಲ್ 14, ಸೋಮವಾರ

ಸೋರುವುದು ನಿಂತಿದೆ. ಮಾವ ಮೀಸೆ ತಿರುವಿಕೊಂಡು ಓಡಾಡುತ್ತಿದ್ದಾರೆ. ಗಾಡಿಯೆಲ್ಲ ಮೆಣಸಿನ ಸಾರಿನ ವಾಸನೆ. ಇರಲಿ, ಹೋಗಿ ಬಂದೆವು, ಅಷ್ಟು ಸಾಕು. ನಾನು ಹೊಲಿಯಲು ಒಪ್ಪಿಕೊಂಡ ಶಾಲೆಯ ಸಮವಸ್ತ್ರದ ರಾಶಿ ಹಾಗೇ ಬಿದ್ದಿದೆ, ಕಾಲರ್ ಹೊಲಿಯಬೇಕು.

ಏಪ್ರಿಲ್ 16, ಬುಧವಾರ

ಏರಿನ ನಡುವೆ ಎಂಜಿನ್ ಜೋರಾಗಿ ಕೂಗುತ್ತದೆ, ಗಾಡಿ ಮಾತ್ರ ಮುಂದೆ ಹೋಗುವುದಿಲ್ಲ. ಒಂದು ಕ್ಷಣ ಹೀಗೆ, ಆಮೇಲೆ ಯಾರೋ ಹಿಂದಿನಿಂದ ಒದ್ದ ಹಾಗೆ ಧಡಕ್ಕನೆ ಹೊರಡುತ್ತದೆ. ನನ್ನ ಹೊಲಿಗೆ ಯಂತ್ರದ ಬೆಲ್ಟ್ ಸಡಿಲವಾದಾಗ ಹೀಗೇ ಆಗುವುದು. ಚಕ್ರ ತಿರುಗುತ್ತದೆ, ಸೂಜಿ ಇಳಿಯುವುದಿಲ್ಲ.

ಮಾವನಿಗೆ ಇದನ್ನು ಹೇಳಿದೆ. "ಹೊಲಿಗೆ ಮಿಷನ್ನಿಗೂ ಗಾಡಿಗೂ ಏನಮ್ಮ ಸಂಬಂಧ," ಅಂದರು. ಆದರೆ ಧ್ವನಿಯಲ್ಲಿ ಮೊನ್ನೆಯ ಗತ್ತು ಇರಲಿಲ್ಲ. ಆಸ್ಪತ್ರೆಯ ಮುಂದೆ ಬಾನೆಟ್ ಎತ್ತಿ ನಿಂತವರು, ನಾವು ಬರುವವರೆಗೂ ಅಲ್ಲಾಡದೆ ನಿಂತೇ ಇದ್ದರು. ಸುಡುಬಿಸಿಲು. ತಲೆಗೊಂದು ಟವೆಲ್ಲೂ ಇರಲಿಲ್ಲ.

ಏಪ್ರಿಲ್ 17, ಗುರುವಾರ

ಗಾಡಿ ಹೋಯಿತು. ಇವತ್ತು ಬರೆಯಲು ಆಗುವುದಿಲ್ಲ.

ಏಪ್ರಿಲ್ 18, ಶುಕ್ರವಾರ

ಇವರು ರಜೆ ಹಾಕಿ ಬಾಡಿಗೆ ಕಾರಿನಲ್ಲಿ ಅತ್ತೆಯನ್ನು ಕರೆದುಕೊಂಡು ಹೋಗಿದ್ದಾರೆ. ನಾನು ಸಮವಸ್ತ್ರ ಹೊಲಿಯಲು ಕೂತೆ, ಒಂದು ತೋಳನ್ನು ತಿರುಗಾಮುರುಗಾ ಹೊಲಿದೆ. ಬಿಚ್ಚಿದೆ. ಬರೆದುಬಿಡುವುದೇ ವಾಸಿ.

ನಿನ್ನೆ ಸೇತುವೆ ದಾಟಿ ಗುಡ್ಡದ ಬುಡದಲ್ಲೇ ಗಾಡಿಯಲ್ಲಿ ಟಿಣ್ ಟಿಣ್ ಅಂತ ಸದ್ದು ಶುರುವಾಯಿತು. "ಬೆಲ್ಟ್ ಹಾಕ್ಕೊಳ್ಳಿ ಅಂತ ಕೂಗ್ತಿದೆ ಅದು," ಅಂದರು ಮಾವ. ಬೆಲ್ಟ್ ಹಾಕಿಯೇ ಇತ್ತು. ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು.

"ಮಾವ, ನಿಲ್ಲಿಸಿ."

"ನಿಲ್ಲಿಸಿದ್ರೆ ಮತ್ತೆ ಹೊರಡಲ್ಲ ಇದು. ಟೈಮ್ ತಪ್ಪುತ್ತೆ."

"ತಣ್ಣಗಾದ್ಮೇಲೆ ಹೊರಡೋಣ."

"ದಾರೀಲಿ ಪ್ಯಾಸೆಂಜರ್ ಇಳಿಸಿ ಬಂದವ್ನಲ್ಲ ನಾನು. ಸರ್ವಿಸ್ಸಲ್ಲಿ ಒಂದು ದಿನಾನೂ ಆ ಹೆಸರು ತಗೊಂಡಿಲ್ಲ. ಈಗ ಇವಳನ್ನ ಇಳಿಸ್ಲಾ?"

ಅರ್ಧ ಏರಿನಲ್ಲಿ ಬಾನೆಟ್ಟಿನ ಸಂದಿಯಿಂದ ಹಬೆ. ಗಾಜಿನ ಮೇಲೆ ಮಂಜು ಕಟ್ಟಿದ ಹಾಗೆ. ಮಾವ ತಲೆ ಹೊರಗೆ ಹಾಕಿ ಓಡಿಸಿದರು. ಎಂಜಿನ್ ಗುಂಯ್ಯೆನ್ನುತ್ತದೆ, ಗಾಡಿ ತೆವಳುತ್ತದೆ. ಸುಟ್ಟ ಎಣ್ಣೆಯ ಕಮಟು. ಆಮೇಲೆ ಒಳಗಿನಿಂದ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ ಟಕ. ಅತ್ತೆ ನನ್ನ ಮಣಿಕಟ್ಟು ಹಿಡಿದ ಜಾಗ ಇನ್ನೂ ಕೆಂಪಗಿದೆ. ಆಸ್ಪತ್ರೆಯ ಗೇಟಿನ ಒಳಗೆ ಮುಂದಿನ ಚಕ್ರ ದಾಟಿತು, ಅಷ್ಟೇ. ಅಲ್ಲೇ ಗಾಡಿ ಒಂದು ಸಲ ಅದುರಿ ಆರಿಹೋಯಿತು.

ಮಾವ ಸ್ಟೀರಿಂಗ್ ಬಿಡದೆ ಕೂತಿದ್ದರು. "ಮುಟ್ಟಿಸ್ದೆ ನೋಡು," ಅಂದರು. ನನಗೆ ಹೇಳಿದರೋ, ಅತ್ತೆಗೋ, ಗಾಡಿಗೋ. ಆ ಕ್ಷಣಕ್ಕೆ ಆ ಮನುಷ್ಯನ ಕೆನ್ನೆಗೆ ಒಂದು ಬಾರಿಸಬೇಕು ಅನ್ನಿಸಿತು. ಹಾಗೇ ಬರೆಯುತ್ತಿದ್ದೇನೆ, ಅನ್ನಿಸಿದ್ದು ಅನ್ನಿಸಿತು. ಅತ್ತೆಯನ್ನು ಇಳಿಸಿಕೊಂಡು ಒಳಗೆ ಹೋದೆ. ಚಿಕಿತ್ಸೆ ಆಯಿತು, ದಿನ ತಪ್ಪಲಿಲ್ಲ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಆಸ್ಪತ್ರೆಗೆ ಬಾಡಿಗೆ ಕಾರಿನಲ್ಲಿ ಹೋಗಿ ಬಂದೆವು. ಗಂಟಲಿನ ರೋಗಿಗೆ ಬಾಯಲ್ಲಿ ದಪ್ಪ ಲೋಳೆ ಕಟ್ಟುತ್ತದೆ, ಕ್ಷಣಕ್ಷಣಕ್ಕೂ ಬೇಸಿನ್ ಹಿಡಿಯಬೇಕು. ಆ ಡ್ರೈವರ್ ಕನ್ನಡಿಯಲ್ಲಿ ನೋಡಿ ನೋಡಿ ಮುಖ ಸಿಂಡರಿಸುತ್ತಿದ್ದ. "ಸೀಟು ನೋಡ್ಕೊಳ್ಳಿ ಮೇಡಂ," ಅಂತ ಮೂರು ಸಲ. ಅತ್ತೆ ಆಮೇಲೆ ಎಲ್ಲವನ್ನೂ ನುಂಗಲು ನೋಡಿ ಕಣ್ಣಲ್ಲಿ ನೀರು ತಂದುಕೊಂಡರು.

ಮಧ್ಯಾಹ್ನ ಮಾವನ ಜೊತೆ ನಾಳೆಯ ಗ್ಯಾರೇಜಿಗೆ ಹೋದೆ. ಆಸ್ಪತ್ರೆಯಿಂದ ಎಳೆಸಿ ತಂದ ಗಾಡಿಯ ಹೊಟ್ಟೆಯನ್ನೆಲ್ಲ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದಾನೆ. ಎಂಜಿನ್ನಿನ ಮೇಲ್ಭಾಗದ ತುಂಡಿನ ಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ತೋರಿಸಿದ. ಪಟ್ಟಿಯ ಕೆಳಗೆ ಬೆಳಕು ಕಾಣುತ್ತಿತ್ತು.

"ಹೆಡ್ಡು ಸೊಟ್ಟಗಾಗಿದೆ ಯಜಮಾನ್ರೇ. ನಿಮ್ಮ ಬಸ್ಸಿನ ಹಾಗೆ ಕಬ್ಬಿಣ ಅಲ್ಲ ಇದು, ಅಲ್ಯುಮಿನಿಯಂ. ಗ್ಯಾಸ್ಕೆಟ್ ಹಾರಿ ನೀರು ಸಿಲಿಂಡರಿಗೆ ಇಳಿದಿದೆ." ಆಮೇಲೆ ಒಂದು ಡಬ್ಬಿ ಮುಚ್ಚಳದಲ್ಲಿ ಏನನ್ನೋ ಬಗ್ಗಿಸಿದ. ಸ್ಟ್ರಾಬೆರಿ ಹಾಲಿನ ಹಾಗೆ ಗುಲಾಬಿ ಬಣ್ಣ, ಮೇಲೆ ನೊರೆ. "ಇದು ಗೇರಿನ ಎಣ್ಣೆ. ಕೆಂಪಗೆ, ತೆಳ್ಳಗೆ ಇರ್ಬೇಕು. ಕೊಳವೆಗಳಲ್ಲಿ ಮೆಣಸು ಗಟ್ಟಿಯಾಗಿ ಕೂತು ತಣ್ಣಗಾಗೋಕೇ ಬಿಟ್ಟಿಲ್ಲ. ಕುದ್ದು ಕುದ್ದು ಒಳಗಿನ ಎಣ್ಣೆ ಕೊಳವೆ ಬಿರಿದಿದೆ, ನೀರೆಲ್ಲ ಗೇರ್ ಬಾಕ್ಸಿಗೆ. ಅದರ ಪ್ಲೇಟುಗಳು ಸುಟ್ಟು ಕರಕಲು."

"ಏರಿನ ಬುಡದಲ್ಲೇ ನಿಲ್ಲಿಸಿದ್ರೆ?" ಅಂತ ಕೇಳಿದ್ದು ಮಾವ.

ನಾಳೆ ನನ್ನ ಮುಖ ನೋಡಿದ. ನಾನು ಏನೂ ಸನ್ನೆ ಮಾಡಲಿಲ್ಲ. "ರೇಡಿಯೇಟರ್ ಒಂದು ಹೋಗ್ತಿತ್ತು," ಅಂದ.

ಮಾವ ಆ ಗುಲಾಬಿ ನೊರೆಯಲ್ಲಿ ಬೆರಳು ಅದ್ದಿ ಮೂಸಿದರು. ಬೆರಳನ್ನು ಅಂಗಿಗೇ ಒರೆಸಿಕೊಂಡರು. ನಡೆದುಕೊಂಡು ಬರುವಾಗ ನಾನು ಚುಚ್ಚಲಿಲ್ಲ. ಚುಚ್ಚುವುದಕ್ಕೆ ಮಾತುಗಳೆಲ್ಲ ತಯಾರಿದ್ದವು. ಯಾಕೋ ಬೇಡವಾಯಿತು.

ಏಪ್ರಿಲ್ 22, ಮಂಗಳವಾರ

ಬಾಡಿಗೆ ಕಾರು ಬರಲಿಲ್ಲ. ಬೇರೆಯವನಿಗೆ ಫೋನು ಮಾಡಿದರೆ, "ಪೇಷಂಟಾ? ಈಗ ಗಾಡಿ ಇಲ್ಲ." ಬಸ್ಸು ಹತ್ತಿಸೋಣ ಅಂತ ಸ್ಟ್ಯಾಂಡಿನವರೆಗೆ ನಡೆಸಿಕೊಂಡು ಹೋದೆ, ಅಲ್ಲೇ ಅತ್ತೆ ವಾಂತಿ ಮಾಡಿಕೊಂಡು ಕುಸಿದರು. ವಾಪಸ್ ಬಂದೆವು.

ದಿನ ತಪ್ಪಿತು.

ಡಾಕ್ಟರಮ್ಮ ಫೋನಿನಲ್ಲಿ ಬೈದರು. "ಇನ್ನೊಂದು ದಿನ ಹೀಗಾದ್ರೆ ಇಷ್ಟು ದಿನ ಕೊಟ್ಟಿದ್ದು ನೀರಲ್ಲಿ ಹೋಮ ಆಗುತ್ತೆ." ಅತ್ತೆ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ನನ್ನ ತಲೆ ಸವರಿದರು. ನನಗೆ ಬಿಕ್ಕಿ ಬಿಕ್ಕಿ ಅಳು ಬಂತು. ಹಿತ್ತಲಿಗೆ ಹೋದರೆ ಅಲ್ಲಿ ಮೊದಲೇ ಮಾವ ನಿಂತಿದ್ದರು, ಗೋಡೆಗೆ ಮುಖ ಮಾಡಿ. ಸದ್ದಿಲ್ಲದೆ ತಿರುಗಿ ಬಂದೆ.

ಏಪ್ರಿಲ್ 23, ಬುಧವಾರ

ಪಕ್ಕದ ಬೀದಿಯ ಲಾಂಡ್ರಿಯವರು ತಾವಾಗಿಯೇ ಬಂದರು. "ಬೆಳಿಗ್ಗೆ ಹೊತ್ತು ನನ್ನ ವ್ಯಾನು ಸುಮ್ನೆ ನಿಂತಿರುತ್ತೆ, ತಗೊಂಡ್ಹೋಗಿ. ಆದ್ರೆ ಓಡಿಸೋರು ಬೇಕು. ಹಳೇ ಗಾಡಿ, ಕ್ಲಚ್ ಕಲ್ಲಿನ ಹಾಗಿದೆ."

ಮಾವ ತಮ್ಮ ಎಡ ಮಂಡಿ ಸವರಿಕೊಂಡರು. ಇವರಿಗೆ ಇನ್ನು ರಜೆ ಇಲ್ಲ. ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ನೋಡಿದರೆ ಅತ್ತೆ ನನ್ನ ಕಡೆ ಬೆರಳು ತೋರಿಸುತ್ತಿದ್ದಾರೆ. ಒಂದು ಚಪ್ಪಾಳೆ, ಮತ್ತೆ ನನ್ನ ಕಡೆ ಬೆರಳು.

ಲೈಸೆನ್ಸ್ ಇದೆ ನಿಜ. ಮದುವೆಯಾದ ಹೊಸದರಲ್ಲಿ ಮಾಡಿಸಿದ್ದು. ಆಮೇಲೆ ಸ್ಟೀರಿಂಗ್ ಮುಟ್ಟಿದ್ದು ಧೂಳು ಒರೆಸುವಾಗ ಮಾತ್ರ. ಇವತ್ತು ಲಾಂಡ್ರಿಯ ಹಿಂದಿನ ಮೈದಾನದಲ್ಲಿ, ಪಾಳಿ ಮುಗಿಸಿ ಬಂದ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಜೆವರೆಗೂ ಸುತ್ತಿದೆ. ಹನ್ನೊಂದೋ ಹನ್ನೆರಡೋ ಸಲ ಗಾಡಿ ಆರಿಹೋಯಿತು. ಒಂದು ಸಲ ಬೇಲಿಗೆ ಮುತ್ತು ಕೊಟ್ಟೆ. ಇವರು ಸೀಟು ಗಟ್ಟಿಯಾಗಿ ಹಿಡಿದುಕೊಂಡು "ಚೆನ್ನಾಗಿ ಓಡಿಸ್ತೀಯ, ಚೆನ್ನಾಗಿ ಓಡಿಸ್ತೀಯ" ಅನ್ನುತ್ತಿದ್ದರು, ಕಣ್ಣು ಮುಚ್ಚಿಕೊಂಡು.

ಇವತ್ತಿನ ಚಿಕಿತ್ಸೆಗೆ ಕಾರ್ಖಾನೆಯ ಮೇಸ್ತ್ರಿ ತಮ್ಮ ಕಾರಿನಲ್ಲಿ ಕರೆದೊಯ್ದು ಉಪಕಾರ ಮಾಡಿದರು. ದಿನವೂ ಕೇಳುವ ಹಾಗಿಲ್ಲ.

ಏಪ್ರಿಲ್ 24, ಗುರುವಾರ

ಏರು ಹತ್ತಿದೆ! ಇಳಿದೂ ಬಂದೆ! ಇವರು ಪಾಳಿ ಬದಲಿಸಿಕೊಂಡು ಅತ್ತೆಯ ಜೊತೆ ಹಿಂದೆ ಕೂತಿದ್ದರು, ಇಸ್ತ್ರಿ ಬಟ್ಟೆಯ ಕಟ್ಟುಗಳ ನಡುವೆ. ನನ್ನ ಹಿಂದೆ ಬಂದ ಲಾರಿಗಳೆಲ್ಲ ಹಾರನ್ ಹೊಡೆದು ನನ್ನ ಕುಲವನ್ನೆಲ್ಲ ನೆನೆಸಿಕೊಂಡವು. ಹೊಡೆದುಕೊಳ್ಳಲಿ.

ಮಾವ ಬರಲಿಲ್ಲ. ಕರೆದರೆ, "ನಾನು ಬಂದು ಏನು ಮಾಡ್ಲಿ," ಅಂದರು.

ಏಪ್ರಿಲ್ 28, ಸೋಮವಾರ

ಇವರಿಗೆ ಪಾಳಿ ಮತ್ತೆ ಬದಲಾಯಿತು. ನಾನು ಓಡಿಸುವಾಗ ಅತ್ತೆಗೆ ಬೇಸಿನ್ ಹಿಡಿಯುವವರು ಯಾರು? ಮಾವನ ಮುಂದೆ ಬೇಸಿನ್ ಮತ್ತು ಟವೆಲ್ ಇಟ್ಟೆ. "ಹೊರಡಿ ಮಾವ," ಅಂದೆ. ಅವರು ಅಂಗಿ ಹಾಕಿಕೊಂಡರು.

ಆದರೆ ಕೂತಿದ್ದು ಮುಂದೆ, ನನ್ನ ಪಕ್ಕ. ಹಿಂದಿನ ಸೀಟಿಗೆ ತಿರುಗಿ ತಿರುಗಿ ಬೇಸಿನ್ ಹಿಡಿಯುತ್ತಾರೆ, ನಡುನಡುವೆ ನನಗೆ ಪಾಠ. "ಕ್ಲಚ್ ಮೇಲೆ ಕಾಲಿಟ್ಟು ಮಲಗ್ಬೇಡ. ಗೇರು ಇಳಿಸು. ಕೇಳಿಸ್ಕೋ, ಎಂಜಿನ್ ಅಳ್ತಿದೆ." ನಿಜವಾಗಿಯೂ ಅಳುತ್ತಿತ್ತು. ಗೇರು ಇಳಿಸಿದೆ, ಸುಮ್ಮನಾಯಿತು. ಹೊಲಿಗೆ ಯಂತ್ರಕ್ಕೆ ದಪ್ಪ ಬಟ್ಟೆ ಸಿಕ್ಕಾಗಲೂ ಹೀಗೇ ಕೈಚಕ್ರ ನಿಧಾನ ಮಾಡುತ್ತೇವಲ್ಲ.

ಅಲ್ಲಿ ಮುಟ್ಟಿದ ಮೇಲೆ ಯಥಾಪ್ರಕಾರ. ನಾವು ಒಳಗೆ, ಅವರು ಬಾನೆಟ್ಟಿನೊಳಗೆ.

ಏಪ್ರಿಲ್ 30, ಬುಧವಾರ

ಕೈಯ ಕಪ್ಪು ಇನ್ನೂ ಹೋಗಿಲ್ಲ, ಈ ಹಾಳೆಯ ಅಂಚಿಗೂ ಅಂಟಿದೆ. ಮರೆಯುವ ಮುಂಚೆ ಎಲ್ಲವನ್ನೂ ಬರೆಯಬೇಕು.

ಇವತ್ತು ನಮ್ಮ ಸರದಿ ಬೇಗ ಇತ್ತು. ಮಧ್ಯಾಹ್ನದಿಂದ ರೇಡಿಯೇಷನ್ ಯಂತ್ರದ ರಿಪೇರಿ, ತಡವಾದರೆ ಇವತ್ತಿನದು ಇಲ್ಲ ಅಂತ ನಿನ್ನೆಯೇ ಹೇಳಿದ್ದರು. ಏರಿನ ಎರಡನೇ ತಿರುವಿನಲ್ಲಿ ಒಂದು ಕೀಚಲು ಸದ್ದು ಕೇಳಿಸಿತು. ಆಮೇಲೆ ಮುಳ್ಳು ನಡುಗೆರೆ ಬಿಟ್ಟು ಮೇಲೆದ್ದಿತು. ಕೆಂಪು ಗೆರೆ ಇನ್ನೂ ದೂರವಿತ್ತು. ನಾನು ಇಂಡಿಕೇಟರ್ ಹಾಕಿ ರಸ್ತೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಎಂಜಿನ್ ಆರಿಸಿದೆ.

"ಯಾಕಮ್ಮ ನಿಲ್ಲಿಸ್ದೆ? ಏರು ಮುಗೀತು ಇನ್ನೇನು!"

"ಬಿಸಿ ಏರ್ತಿದೆ ಮಾವ."

"ಇಷ್ಟಕ್ಕೆಲ್ಲ ನಿಲ್ಲಿಸ್ತಾರಾ? ಹೀಟರ್ ಹಾಕು, ಎಳ್ಕೊಂಡು ಹೋಗುತ್ತೆ. ಯಂತ್ರ ರಿಪೇರಿಗೆ ಹೋದ್ರೆ ಇವತ್ತಿಂದು ತಪ್ಪುತ್ತೆ. ಆಗಲೇ ಒಂದು ದಿನ ತಪ್ಪಿದೆ. ಹೊರಡು, ಹೊರಡು ಅಂದೆ!"

"ಮಾವ, ಸುಮ್ನೆ ಕೂತ್ಕೊಳ್ಳಿ!"

ಬಾಯಿಂದ ಹೊರಟೇಹೋಯಿತು. ಮದುವೆಯಾಗಿ ಇಷ್ಟು ವರ್ಷಕ್ಕೆ ಆ ಧ್ವನಿಯಲ್ಲಿ ಅವರ ಜೊತೆ ಮಾತಾಡಿದ್ದು ಇದೇ ಮೊದಲು. "ಇವತ್ತು ತಪ್ಪಿದ್ರೆ ಒಂದು ದಿನ ತಪ್ಪುತ್ತೆ. ಈ ಗಾಡೀನೂ ಹೋದ್ರೆ ಉಳಿದಿದ್ದೆಲ್ಲಾ ತಪ್ಪುತ್ತೆ. ನಾನು ಹೊರಡಲ್ಲ."

ಹಿಂದಿನಿಂದ ಒಂದು ಚಪ್ಪಾಳೆ. ಒಂದೇ.

ನಾನು ಬಾನೆಟ್ ಎತ್ತಿದೆ. ಸ್ವಲ್ಪ ಹೊತ್ತಿಗೆ ಮಾವ ಇಳಿದು ಬಂದು ಪಕ್ಕದಲ್ಲಿ ನಿಂತರು. ಮುಚ್ಚಳಕ್ಕೆ ಕೈ ಹಾಕಬೇಡ, ಬಿಸಿ ನೀರು ಮುಖಕ್ಕೆ ಹಾರುತ್ತೆ ಅಂದರು. ಫ್ಯಾನಿನ ಬೆಲ್ಟ್ ಒತ್ತಿ ನೋಡಿದೆ. ಒಂದು ಕಡೆ ಸಡಿಲವಾಗಿ ಜೋತುಬಿದ್ದಿತ್ತು. "ಇದೇ ಕೀಚಲು ಮಾವ. ಜಾರ್ತಿದೆ, ಫ್ಯಾನ್ ತಿರುಗ್ತಿಲ್ಲ." ಅವರು ಬಗ್ಗಿ ನೋಡಿದರು, ನನ್ನ ಮುಖ ನೋಡಿದರು. "ಹ್ಞೂಂ ಕಣಮ್ಮ," ಅಂದರು. ಅವರ ಮಂಡಿ ಮಡಚುವುದಿಲ್ಲ. ನಾನು ಕೆಳಗೆ ಮಲಗಿದೆ. ಅವರು ಮೇಲಿನಿಂದ ಕೋಲಿಟ್ಟು ಮೀಟಿ ಹಿಡಿದರು, ನಾನು ಅವರು ತೋರಿಸಿದ ಬೋಲ್ಟ್ ಬಿಗಿದೆ. ಮೊಣಕೈವರೆಗೂ ಗ್ರೀಸು. ಎಂಜಿನ್ ತಣ್ಣಗಾಗುವವರೆಗೆ ಕಾದೆವು. ಕಾಯುವಾಗ ಅವರು ಹಿಂದೆ ಹೋಗಿ ಅತ್ತೆಯ ಪಕ್ಕ ಕೂತು ಬೇಸಿನ್ ಹಿಡಿದರು. ಯಾರೂ ಗಡಿಯಾರ ನೋಡಲಿಲ್ಲ, ನೋಡಲು ಧೈರ್ಯವಿರಲಿಲ್ಲ.

ಮುಟ್ಟುವಾಗ ಬಹಳ ತಡವಾಗಿತ್ತು. ನನ್ನ ಕೈ ಮುಂದೆ ಹಿಡಿದು ತೋರಿಸಿದೆ. "ಈ ಕೈಯಲ್ಲಿ ಅತ್ತೇನ ಮುಟ್ಟೋ ಹಾಗಿಲ್ಲ. ನೀವು ಓಡಿ ಮಾವ, ಕರ್ಕೊಂಡು ಹೋಗಿ. ಬಾಗಿಲು ಮುಚ್ಚೋಕೆ ಮುಂಚೆ."

ಅವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಆಗ ಗೊತ್ತಾಯಿತು ನನಗೆ. ಇಷ್ಟು ದಿನ ಗಾಡಿ ಹೆಚ್ಚು ಅಂದುಕೊಂಡಿದ್ದೆ, ಆ ಮನುಷ್ಯ ಹೆದರಿದ್ದರು. ಅತ್ತೆ ಅವರ ತೋಳು ಹಿಡಿದುಕೊಂಡರು. ಇಬ್ಬರೂ ಮೆಟ್ಟಿಲು ಹತ್ತಿದರು, ಯಾರು ಯಾರನ್ನು ನಡೆಸುತ್ತಿದ್ದಾರೆ ಅಂತ ತಿಳಿಯ‌ದ ಹಾಗೆ.

ನಾನು ನಲ್ಲಿಯಲ್ಲಿ ಕೈ ತಿಕ್ಕಿದೆ. ಅರ್ಧಂಬರ್ಧ ಹೋಯಿತು. ವ್ಯಾನಿಗೆ ನೀರು ತುಂಬಿಸಿದೆ, ಬೆಲ್ಟ್ ಮತ್ತೆ ಒತ್ತಿ ನೋಡಿದೆ. ನೋಡಿದ್ದನ್ನೇ ಮತ್ತೊಮ್ಮೆ ನೋಡಿದೆ. ಒಳಗೆ ಹೋಗಲು ಕಾಲು ಬರಲಿಲ್ಲ. ಯಂತ್ರ ನಿಲ್ಲಿಸಿಬಿಟ್ಟಿದ್ದರೆ ಆ ಸುದ್ದಿ ಕೇಳುವುದು ಹೇಗೆ? ಬಾನೆಟ್ಟಿನೊಳಗೆ ತಲೆ ಹಾಕಿ ಅತ್ತುಬಿಟ್ಟೆ. ಅಲ್ಲಿ ಯಾರಿಗೂ ಕಾಣುವುದಿಲ್ಲ.

ಆಮೇಲೆ ಹೋದೆ. ಕಾರಿಡಾರಿನ ಕೊನೆಯಲ್ಲಿ ದಪ್ಪ ಬಾಗಿಲು ಮುಚ್ಚಿತ್ತು, ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಉರಿಯುತ್ತಿದೆ ಅಂದರೆ ಒಳಗೆ ಚಿಕಿತ್ಸೆ ನಡೆಯುತ್ತಿದೆ! ಇವತ್ತಿನ ದಿನ ತಪ್ಪಲಿಲ್ಲ. ಯಂತ್ರ ನಡೆಸುವ ಟೆಕ್ನೀಷಿಯನ್ ರಿಪೇರಿಯವರನ್ನು ಕಾಯಿಸಿ ಕೂತಿದ್ದಳಂತೆ. ಅವಳ ಮೇಜಿನ ಪಕ್ಕದಲ್ಲಿ ಮಾವ ನಿಂತಿದ್ದರು. ಎದುರಿನ ಪರದೆಯ ಮೇಲೆ ಅತ್ತೆ, ಮುಖಕ್ಕೆ ಬಲೆ ಬಿಗಿದು ಮಲಗಿದ್ದಾರೆ. ಮಾವ ಪರದೆಯ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ.

"ಮೈಕ್ ಇದೆ ತಾತ," ಅಂದಳು ಟೆಕ್ನೀಷಿಯನ್. "ಮಾತಾಡಿ, ಅವರಿಗೆ ಕೇಳಿಸುತ್ತೆ. ಏನಾದ್ರೂ ಹೇಳಿ."

ಮಾವ ಮೈಕಿನ ಹತ್ತಿರ ಬಾಯಿ ತಂದರು. ಆಮೇಲೆ ನಾನು ಎಂದೂ ಕೇಳದ ಒಂದು ಮೆತ್ತನೆಯ ದನಿಯಲ್ಲಿ ಹೇಳತೊಡಗಿದರು:

"ಹೊರಟ್ವಿ ಕಣೇ. ಈಗ ಸೇತುವೆ... ದಾಟಿದ್ವಿ. ಈಗ ಏರು. ಮೊದಲನೇ ತಿರುವು. ಎರಡನೇದು. ಹೆದರ್ಬೇಡ, ನಿಧಾನಕ್ಕೆ ಹೋಗ್ತಿದೀನಿ. ಬೇಕಾದ್ರೆ ನಿಲ್ಲಿಸ್ತೀನಿ. ಎಲ್ಲಿ ಬೇಕಾದ್ರೂ ನಿಲ್ಲಿಸ್ತೀನಿ, ಹೇಳು..."

ಪರದೆಯ ಮೇಲೆ ಅತ್ತೆಯ ಎರಡೂ ಕೈಗಳು ಮೈಪಕ್ಕದಲ್ಲಿ ಪಟ್ಟಿಗಳೊಳಗೆ ಇದ್ದವು. ಅಲುಗಾಡುವ ಹಾಗಿಲ್ಲ. ಅವರು ಅಲುಗಾಡಲೂ ಇಲ್ಲ. ನಾನು ಮಾವನ ಹಿಂದೆ ನಿಂತಿದ್ದೆ, ನನ್ನ ಕಪ್ಪು ಕೈಯಿಂದ ಅವರ ಬಿಳಿ ಅಂಗಿಯ ಬೆನ್ನು ಹಿಡಿದುಕೊಂಡು. ಅವರು ತಿರುಗಿ ನೋಡಲಿಲ್ಲ. ಇಳಿಜಾರಿನ ಒಂದೊಂದು ತಿರುವನ್ನೂ ಹೇಳಿದರು, ಕೆಂಪು ದೀಪ ಆರುವವರೆಗೆ.

"ಬಂತು ಕಣೇ," ಅಂದರು. "ಇಳಿ, ಮನೆಗೆ ಹೋಗೋಣ."